ಜುಮ್ಮೆನ್ನುವ ಮನೆಗೆ ಬಂದ ಕಾರು

ಮಾರೇನಹಳ್ಳಿಯ ಅಡ್ಡರಸ್ತೆಯೊಂದರಲ್ಲಿರುವ ಇಂದ್ರಮ್ಮನವರಿಗೆ ಬೀದಿಯಲ್ಲಿ ಒಳ್ಳೆಯ ಹೆಸರಿತ್ತು. ಯಾರ ಮನೆಯಲ್ಲಿ ಬಾಣಂತಿ ಇದ್ದರೂ ಇವರ ಅಡುಗೆಮನೆಯಿಂದ ಒಂದು ಡಬ್ಬಿ ಅಂಟಿನುಂಡೆ ಹೋಗುತ್ತಿತ್ತು. ಆದರೆ ಅವರ ಮಾತನ್ನು ಮಾತ್ರ ಯಾರೂ ಪೂರ್ತಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ.

ಸುಳ್ಳು ಹೇಳುವ ಹೆಂಗಸಲ್ಲ ಅವರು. ಕನಸು ಮುಗಿದು ಎಚ್ಚರ ಶುರುವಾಗುವ ಜಾಗ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ, ಅಷ್ಟೆ. ನಿನ್ನೆ ಮಧ್ಯಾಹ್ನ ನಮ್ಮತ್ತೆ ಬಂದು ಒಂದು ಮೊರ ಅಕ್ಕಿ ಆರಿಸಿಕೊಟ್ಟು ಹೋದರು ಎಂದು ತರಕಾರಿ ಗಾಡಿಯ ಹತ್ತಿರ ಹೇಳುವರು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ‘ಕನಸಲ್ಲಿ’ ಎಂಬ ಮಾತನ್ನು ಸೇರಿಸಲು ಮರೆತಿರುತ್ತಿದ್ದರು. ಕೇಳಿದವರು ನಗುವರು. ನಕ್ಕದ್ದು ಯಾಕೆಂದು ಸ್ವಲ್ಪ ಹೊತ್ತಿನ ಮೇಲೆ ಹೊಳೆದು ಇಂದ್ರಮ್ಮನೂ ನಗುವರು.

ಅವರು ಹುಟ್ಟಿದ್ದು ಹೆಗ್ಗನಹಳ್ಳಿಯಲ್ಲಿ, ಅಲ್ಲಿ ಮನೆಗಳಿಗಿಂತ ರಾಗಿ ಹೊಲಗಳೇ ಹೆಚ್ಚಿದ್ದ ಕಾಲಕ್ಕೆ. ಶಾಲೆಯ ಗಂಟೆ ಹಳದಿ ಬಣ್ಣದಲ್ಲಿ ಬಡಿಯುತ್ತದೆ ಎಂದು ಹುಡುಗಿ ಹೇಳಿದಾಗ ತಾಯಿ ಹಣೆ ಮುಟ್ಟಿ ನೋಡಿದ್ದಳಂತೆ. ಜ್ವರವಿರಲಿಲ್ಲ. ಹುಡುಗಿ ಹಾಗೆಯೇ ದೊಡ್ಡವಳಾದಳು, ಹಾಗೆಯೇ ಮದುವೆಯಾಗಿ ಮಾರೇನಹಳ್ಳಿಗೆ ಬಂದಳು. ಗಂಡ ಬೆಟ್ಟಯ್ಯ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರ್. ಒಂದು ನಟ್ಟು ಹೊರಗೆ ಹೋದರೂ ಅವರ ಕಣ್ಣು ತಪ್ಪಿಸಿ ಹೋಗುತ್ತಿರಲಿಲ್ಲ. ತೂಗಿದ್ದು, ಅಳೆದದ್ದು, ಕೈಯಲ್ಲಿ ಹಿಡಿದದ್ದು, ಇವಿಷ್ಟೇ ಅವರ ಮಟ್ಟಿಗೆ ಇರುವ ವಸ್ತುಗಳು. ಅಂಥವರಿಗೆ ಹೆಂಡತಿಯ ಮಾತು ಮೊದಮೊದಲು ಸಂಜೆಯ ಕಾಫಿಯ ಜೊತೆಗಿನ ಕುರುಕಲಿನ ಹಾಗೆ ರುಚಿಯಾಗಿತ್ತು. ಆಮೇಲೆ ನಾಲ್ಕು ಜನರ ಮುಂದೆ ಸ್ವಲ್ಪ ಸಂಕೋಚವಾಗತೊಡಗಿತು. ಅವಳು ಮಾತು ಶುರು ಮಾಡುವ ಮುಂಚೆಯೇ, ಅದೊಂದು ಅವಳ ಭ್ರಮೆ ಬಿಡಿ, ಎಂದು ಇವರೇ ಮುಗಿಸಿಬಿಡುವುದನ್ನು ಕಲಿತರು.

ಆ ಹೊತ್ತಿಗೆ ಮನೆ ಕಟ್ಟಿಸಿದರು. ಬೆಟ್ಟಯ್ಯ ಶಿಫ್ಟು ಮುಗಿಸಿ ಬಂದು ಗೋಡೆಗೆ ತಾವೇ ನೀರು ಹೊಡೆದರು. ಕಾರ್ಖಾನೆಯ ಗೆಳೆಯನೊಬ್ಬನನ್ನು ಕರೆತಂದು, ಪಕ್ಕದಲ್ಲಿ ನಿಂತು, ಕರೆಂಟಿನ ಕೆಲಸ ಮಾಡಿಸಿದರು. ಕೆಳಗೆ ಎರಡು ಕೋಣೆ, ಮುಂದೆ ಸಣ್ಣ ವರಾಂಡ, ಪಕ್ಕದಲ್ಲಿ ಉದ್ದನೆಯ ಓಣಿಯಂಥ ಜಾಗ, ಹಿಂದುಗಡೆ ಬಟ್ಟೆ ಒಗೆಯುವ ಕಲ್ಲು, ನಲ್ಲಿ, ನೀರಿನ ಮೋಟರು. ಆ ಮನೆಯ ಬಗ್ಗೆ ಅವರಿಗಿದ್ದ ಹೆಮ್ಮೆ ಸುಣ್ಣದ ಜೊತೆ ಗೋಡೆಗೆ ಇಳಿದಂತಿತ್ತು.

ಗೃಹಪ್ರವೇಶವಾದ ಮೊದಲ ಮಳೆಗಾಲದಲ್ಲೇ ಇಂದ್ರಮ್ಮನಿಗೆ ಅದು ಗೊತ್ತಾದದ್ದು. ಒದ್ದೆ ಕಾಲಿನಲ್ಲಿ ಹೋಗಿ ಒಗೆಯುವ ಕಲ್ಲಿನ ಪಕ್ಕದ ನಲ್ಲಿ ತಿರುಗಿಸಿದರೆ ಕೈ ಜುಮ್ಮೆಂದಿತು. ಹೊಡೆತವೇನಲ್ಲ. ಇರುವೆಯ ಸಾಲೊಂದು ಬೆರಳ ತುದಿಯಿಂದ ಮಣಿಕಟ್ಟಿನವರೆಗೆ ಓಡಿ ಮಾಯವಾದ ಹಾಗೆ. ಗಂಡನಿಗೆ ಹೇಳಿದರು. ಬೆಟ್ಟಯ್ಯ ಹವಾಯಿ ಚಪ್ಪಲಿ ಹಾಕಿಕೊಂಡು ಹೋಗಿ ನಲ್ಲಿ ಮುಟ್ಟಿದರು. ಏನೂ ಆಗಲಿಲ್ಲ. ಬೇಸಿಗೆಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಬೇರೆ ಯಾವುದಕ್ಕೋ ಬಂದಾಗ ಅವನೂ ಮುಟ್ಟಿದ, ಅವನಿಗೂ ಏನೂ ಆಗಲಿಲ್ಲ. ರಕ್ತ ಕಡಿಮೆ ಇದ್ದರೆ ಹಾಗಾಗುತ್ತದೆ ಎಂದು, ಆಗಿನ್ನೂ ಬದುಕಿದ್ದ ಅತ್ತೆ ದಿನಾ ರಾಗಿ ಅಂಬಲಿ ಕುಡಿಸಿದರು. ಮುಂದಿನ ಮಳೆಗಾಲಕ್ಕೆ ಮತ್ತೆ ಜುಮ್. ಆಮೇಲೆ ಫ್ರಿಜ್ಜು ಬಂತು, ಅದರ ಪಕ್ಕೆಯಲ್ಲೂ ಜುಮ್. ಮಗ ಮಹೇಶ ಮಾತು ಕಲಿತು ‘ಅಮ್ಮನ ಜುಮ್’ ಎಂದು ಅದಕ್ಕೊಂದು ಹೆಸರಿಟ್ಟ. ಮನೆಗೆ ಬಂದ ನೆಂಟರ ಮುಂದೆ ಕೈ ನಡುಗಿಸಿ ತೋರಿಸಿ ನಗಿಸುತ್ತಿದ್ದ.

ಹೇಳಿ ಹೇಳಿ ಇಂದ್ರಮ್ಮ ಹೇಳುವುದನ್ನು ಬಿಟ್ಟರು. ಒಗೆಯುವ ಕಲ್ಲಿನ ಹತ್ತಿರ ಒಂದು ಹಳೆಯ ಮಣೆ ತಂದು ಹಾಕಿಕೊಂಡು, ಮಳೆ ಬಂದ ದಿನ ಅದರ ಮೇಲೆ ನಿಂತು ನಲ್ಲಿ ತಿರುಗಿಸಿದರು. ವರ್ಷಗಳು ಹೋದ ಹಾಗೆ ಅವರಿಗೇ ಅನುಮಾನ ಬರತೊಡಗಿತು. ಇಷ್ಟು ಜನ ಇಲ್ಲ ಅನ್ನುವುದು ನನ್ನೊಬ್ಬಳಿಗೆ ಮಾತ್ರ ಇರುವುದು ಹೇಗೆ? ಗಂಡ ಕೆಲಸಕ್ಕೆ, ಮಗ ಶಾಲೆಗೆ ಹೋದ ಮೇಲೆ, ಹೊರಗೆ ಸೋನೆ ಹಿಡಿದ ಮಧ್ಯಾಹ್ನಗಳಲ್ಲಿ, ಫ್ರಿಜ್ಜಿನ ಪಕ್ಕೆಗೆ ಮೆಲ್ಲಗೆ ಒಂದು ಬೆರಳು ತಾಗಿಸುತ್ತಿದ್ದರು. ಇರುವೆಸಾಲು ಓಡುತ್ತಿತ್ತು. ಮನೆ ಏನೋ ಹೇಳುತ್ತಿದೆ, ಯಾರಿಗೂ ಕೇಳದಷ್ಟು ಸಣ್ಣ ದನಿಯಲ್ಲಿ, ನನಗೆ ಮಾತ್ರ ಹೇಳುತ್ತಿದೆ ಅನ್ನಿಸುತ್ತಿತ್ತು. ಭಯ ಎಂದೋ ಹೋಗಿತ್ತು. ಅದರ ಜಾಗಕ್ಕೆ ಒಂದು ಬಗೆಯ ಗೆಳೆತನ ಬಂದು ಕೂತಿತ್ತು.

ಮಹೇಶ ದೊಡ್ಡವನಾಗಿ ಪ್ರಿಂಟಿಂಗ್ ಪ್ರೆಸ್ಸೊಂದಕ್ಕೆ ಸೇರಿದ. ಮೇಲೊಂದು ಮಹಡಿ ಎದ್ದಿತು. ಸೊಸೆಯಾಗಿ ಬಂದ ರಂಜಿನಿ ಅತ್ತಿಗುಪ್ಪೆಯ ಡ್ರೈವಿಂಗ್ ಸ್ಕೂಲಿನಲ್ಲಿ ಹೆಂಗಸರಿಗೆ ಕಾರು ಕಲಿಸುವವಳು. ಅಳುವವರನ್ನು, ಎದುರಿಗೆ ಬಸ್ಸು ಕಂಡರೆ ಸ್ಟಿಯರಿಂಗ್ ಬಿಟ್ಟು ಕಣ್ಣು ಮುಚ್ಚುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಿಗ್ನಲ್ಲು ದಾಟಿಸುವುದು ಅವಳ ದಿನನಿತ್ಯ. ಹಾಗಾಗಿ ಅವಳಿಗೆ ಒಂದು ಅಭ್ಯಾಸ ಬಂದಿತ್ತು. ಯಾರಾದರೂ ಭಯವಾಗುತ್ತಿದೆ ಅಂದರೆ, ಭಯಪಡಬೇಡಿ ಅನ್ನುತ್ತಿರಲಿಲ್ಲ. ಎಲ್ಲಿ, ಯಾವಾಗ, ಹೇಗೆ ಎಂದು ಕೇಳುತ್ತಿದ್ದಳು.

ಕಲಿಯಲು ಬರುವವರಲ್ಲಿ ಅರ್ಧಕ್ಕರ್ಧ ಜನ ಗೇರು, ಕ್ಲಚ್ಚು ಎಂದರೆ ಹೆದರುವುದನ್ನು ನೋಡಿ, ತನ್ನದೇ ಒಂದು ಎಲೆಕ್ಟ್ರಿಕ್ ಕಾರು ತೆಗೆದುಕೊಂಡು ಸ್ವಂತವಾಗಿ ಕಲಿಸಬೇಕೆಂದು ರಂಜಿನಿ ನಿಶ್ಚಯಿಸಿದಳು. ಚಿಕ್ಕ ಕಾರು. ಅದು ಮನೆಯ ಪಕ್ಕದ ಓಣಿಯಲ್ಲಿ ಸರಿಯಾಗಿ ಹಿಡಿಸುತ್ತದೆ ಎಂದು ಬೆಟ್ಟಯ್ಯನವರೇ ಟೇಪು ಹಿಡಿದು ಅಳೆದು ಹೇಳಿದರು. ಕಾರಿನ ವಿಚಾರದಲ್ಲಿ ಮನೆಯಲ್ಲಿ ಒಂದು ಮಾತೂ ಎದ್ದಿರಲಿಲ್ಲ. ಚರ್ಚೆಯಾದದ್ದೆಲ್ಲ ಚಾರ್ಜರಿನ ಮೇಲೆ.

ಎರಡು ಬಗೆ ಇತ್ತು. ಕಾರಿನ ಜೊತೆಗೇ ಬರುವುದು ಒಂದು, ದಪ್ಪ ವೈರಿನ ನಡುವೆ ಇಟ್ಟಿಗೆಯಂಥ ಡಬ್ಬಿ ಇರುವಂಥದ್ದು. ಗೀಸರಿಗೆ ಹಾಕುವ ದೊಡ್ಡ ಪ್ಲಗ್ಗಿಗೆ ಸಿಕ್ಕಿಸಿದರೆ ಸಂಜೆಯಿಂದ ಬೆಳಗಿನವರೆಗೆ ನಿಧಾನವಾಗಿ ತುಂಬುತ್ತದೆ. ಇನ್ನೊಂದು ಗೋಡೆಗೆ ಕೂರಿಸುವ ಪೆಟ್ಟಿಗೆ. ಅದು ಅರ್ಧ ಹೊತ್ತಿನಲ್ಲೇ ತುಂಬಿಸುತ್ತದೆ, ಆದರೆ ಅದಕ್ಕೆ ಮನೆಗೆ ಮಂಜೂರಾದ ಕರೆಂಟಿನ ಲೋಡ್ ಹೆಚ್ಚಿಸಿಕೊಳ್ಳಬೇಕು. ಮಹೇಶ ದಿನಾ ಫೋನಿನಲ್ಲಿ ವಿಡಿಯೋ ನೋಡಿ ಗೋಡೆಯ ಪೆಟ್ಟಿಗೆಯ ಪಕ್ಷ ಸೇರಿದ. ಹಾಕೋದು ಹಾಕ್ತೀವಿ, ದೊಡ್ಡದೇ ಹಾಕೋಣ, ಎಂಬುದು ಅವನ ವಾದ. ನನ್ನ ಓಡಾಟವೆಲ್ಲ ಅತ್ತಿಗುಪ್ಪೆ, ವಿಜಯನಗರ, ಗೋವಿಂದರಾಜನಗರದ ಒಳಗೇ, ಸಂಜೆ ತಂದು ನಿಲ್ಲಿಸಿದರೆ ಮತ್ತೆ ಬೇಕಾಗುವುದು ಬೆಳಿಗ್ಗೆಗೆ, ರಾತ್ರಿಯೆಲ್ಲ ಸುಮ್ಮನೆ ನಿಲ್ಲುವ ಕಾರಿಗೆ ಅವಸರ ಏಕೆ, ಎಂಬುದು ರಂಜಿನಿಯ ಪ್ರಶ್ನೆ. ಬೆಟ್ಟಯ್ಯನವರಿಗೆ ಈ ಚರ್ಚೆಯೇ ದಂಡ ಎನಿಸಿತ್ತು. ಮೋಟರಿನ ಹತ್ತಿರ ಗಟ್ಟಿ ಪ್ಲಗ್ಗಿದೆ, ಹೊಸದಾಗಿ ಏನನ್ನೂ ಎಳೆಯುವುದು ಬೇಡ ಎಂದರು.

ಹೀಗೆ ಹಲವು ಸಂಜೆ ಕಳೆದವು. ಇಂದ್ರಮ್ಮ ಅಲ್ಲೇ ಹುರುಳಿಕಾಯಿ ನಾರು ತೆಗೆಯುತ್ತ ಕೂತಿರುತ್ತಿದ್ದರು. ಅವರನ್ನು ಯಾರೂ ಕೇಳಿರಲಿಲ್ಲ, ಅವರಿಗೂ ಕೇಳಬೇಕಿತ್ತು ಅನ್ನಿಸಿರಲಿಲ್ಲ. ಒಂದು ಸಂಜೆ ಮಾತುಗಳು ದೂರ ದೂರವಾಗಿ, ಕಣ್ಣ ಮುಂದೆ ಒಂದು ಬಿಳಿಯ ಹಸು ಬಂದು ಸಂಜೆಯ ಬೆಳಕಿನಲ್ಲಿ ಕಲ್ಲುತೊಟ್ಟಿಗೆ ಬಾಯಿಟ್ಟಿತು. ಅದು ನೀರು ಎಳೆದುಕೊಳ್ಳುವಾಗ ಗಂಟಲು ಏರಿ ಇಳಿಯುವುದೂ ಕಂಡಿತು.

“ನಿಧಾನಕ್ಕೆ ಕುಡಿಯೋದೇ ಒಳ್ಳೇದು,” ಎಂದರು.

ಮಹೇಶ ಜೋರಾಗಿ ನಕ್ಕ. ರಂಜಿನಿ ಮಾತ್ರ ತಿರುಗಿ ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿದಳು. ಕೊನೆಯ ನಿರ್ಧಾರವೇನೂ ಆಗಲಿಲ್ಲ. ಕಾರು ಬಂದ ಮೇಲೆ ಮೊದಲು ಜೊತೆಗೆ ಬರುವ ಚಾರ್ಜರನ್ನೇ ಹಾಕಿ ನೋಡುವುದು, ಸಾಲದಿದ್ದರೆ ಪೆಟ್ಟಿಗೆ ಕೂರಿಸುವುದು ಎಂದಾಯಿತು.

ಶ್ರಾವಣದ ಒಂದು ಮಧ್ಯಾಹ್ನ ಕಾರು ಬಂತು. ಇಂದ್ರಮ್ಮ ವರಾಂಡದ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಹನಿಮಳೆ ಆಗಷ್ಟೇ ನಿಂತಿತ್ತು. ಕಣ್ಣು ತೆರೆದರೆ, ಖಾಲಿಯಿದ್ದ ಓಣಿಯಲ್ಲಿ ತೊಳೆದಿಟ್ಟ ಬೆಳ್ಳಿಯ ಪಾತ್ರೆಯಂಥದ್ದೊಂದು ನಿಂತಿದೆ. ಸದ್ದಿಲ್ಲ, ಹೊಗೆಯಿಲ್ಲ, ಗೇಟು ತೆಗೆದದ್ದು ಕೂಡ ಕೇಳಿಸಲಿಲ್ಲ. ಅದರೊಳಗಿಂದ ಸೊಸೆ ಇಳಿದು ಬಂದು ನಗುತ್ತ ನಿಂತಾಗ, ಇದು ಕನಸೇ ಇರಬೇಕೆಂದು ಇಂದ್ರಮ್ಮ ಮತ್ತೆ ಕಣ್ಣು ಮುಚ್ಚಿಕೊಂಡರು. ಅತ್ತೆ, ನಿಂಬೆಹಣ್ಣು ಎಲ್ಲಿಟ್ಟಿದ್ದೀರಿ, ಎಂದು ರಂಜಿನಿ ಭುಜ ಅಲುಗಿಸಿದ ಮೇಲೆಯೇ ಎದ್ದದ್ದು.

ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಆರತಿ ಎತ್ತಿ, ಬೀದಿಗೊಂದು ಸುತ್ತು ಹೋಗಿ ಬಂದದ್ದಾಯಿತು. ಮಹೇಶ ಮೋಟರಿನ ಹತ್ತಿರದ ಪ್ಲಗ್ಗಿಗೆ ಚಾರ್ಜರ್ ಸಿಕ್ಕಿಸಿದ. ಇಟ್ಟಿಗೆಯಂಥ ಡಬ್ಬಿಯ ಮೇಲೆ ಕೆಂಪು ದೀಪ ಮಿಟುಕಿತು. ತೆಗೆದು ಮತ್ತೆ ಹಾಕಿದ. ಮತ್ತೆ ಕೆಂಪು. ಜೊತೆಗೆ ಕೊಟ್ಟಿದ್ದ ಪುಸ್ತಕ ತಿರುವಿ, “ಅರ್ತ್ ಇಲ್ವಂತೆ ಕಣಪ್ಪ,” ಎಂದು ತಂದೆಗೆ ಹೇಳಿದ.

ಅರ್ಥ ಇಲ್ಲವಂತೆ ಎಂದು ಇಂದ್ರಮ್ಮನಿಗೆ ಕೇಳಿಸಿತು. ಯಂತ್ರವೊಂದು ಮನೆಯೊಳಗೆ ಕಾಲಿಟ್ಟ ದಿನವೇ ಅಂಥ ದೊಡ್ಡ ಮಾತು ಆಡಿದ್ದಕ್ಕೆ ಅವರಿಗೆ ಆಶ್ಚರ್ಯವಾಯಿತು. ಯಾವುದಕ್ಕೆ ಅರ್ಥ ಇಲ್ಲವಂತೆ ಎಂದು ಸೊಸೆಯನ್ನು ಕೇಳಿದರು. ರಂಜಿನಿ ನಗದೆ ವಿವರಿಸಿದಳು. ಕರೆಂಟು ತಪ್ಪಿ ಎಲ್ಲಾದರೂ ಸೋರಿದರೆ ಅದು ನಮ್ಮ ಮೈಗೆ ಬಾರದೆ ನೆಲಕ್ಕೆ ಇಳಿದು ಹೋಗಲು ಒಂದು ತಂತಿ ಇರಬೇಕು, ಅದಕ್ಕೆ ಅರ್ತಿಂಗ್ ಅನ್ನುತ್ತಾರೆ, ಅದು ಇಲ್ಲಿ ಸಿಗುತ್ತಿಲ್ಲ ಎಂದು ಈ ಚಾರ್ಜರ್ ಹೇಳುತ್ತಿದೆ, ಸಿಗುವವರೆಗೆ ಕಾರಿಗೆ ಕರೆಂಟು ಬಿಡುವುದಿಲ್ಲ. ಇಂದ್ರಮ್ಮ ಕೆಂಪು ದೀಪವನ್ನೇ ನೋಡುತ್ತ ನಿಂತರು. ಅದು ಮಿಟುಕುತ್ತಲೇ ಇತ್ತು.

ಚಾರ್ಜರೇ ಕೆಟ್ಟಿರಬೇಕು ಎಂದು ಬೆಟ್ಟಯ್ಯ ತೀರ್ಮಾನಿಸಿದರು. ಮಹೇಶ ಅದನ್ನು ಶೋರೂಮಿಗೆ ಹೊತ್ತುಕೊಂಡು ಹೋದ. ಅಲ್ಲಿ ಸಿಕ್ಕಿಸಿದ ತಕ್ಷಣ ಹಸಿರು ದೀಪ ಬಂತು. ಮನೆಗೆ ತಂದರೆ ಮತ್ತೆ ಕೆಂಪು. ಅಡುಗೆಮನೆಯಲ್ಲಿ ಕೆಂಪು, ಮಹಡಿಯ ಗೀಸರಿನಲ್ಲಿ ಕೆಂಪು. ಬೆಟ್ಟಯ್ಯನವರ ಮುಖ ಸಣ್ಣದಾಯಿತು. ಈ ಮನೆಯ ಒಂದೊಂದು ತಂತಿಯನ್ನೂ ನಿಂತು ಎಳೆಸಿದವನು ನಾನು, ನಿನ್ನೆ ಬಂದ ಡಬ್ಬಿ ನನ್ನ ಮನೆಗೆ ಕೊರತೆ ಹೇಳುತ್ತದೆ, ಎಂದು ಗೊಣಗುತ್ತ ಊಟಕ್ಕೆ ಕೂತರು. ಕೆಲವು ದಿನ ರಂಜಿನಿ ಹೊರಗೆ ದುಡ್ಡು ಕೊಟ್ಟು ಚಾರ್ಜ್ ಮಾಡುವ ಕಡೆ ಹೋಗಿ, ಸರದಿಯಲ್ಲಿ ಕಾದು, ತುಂಬಿಸಿಕೊಂಡು ಬಂದಳು.

ಅಷ್ಟರಲ್ಲಿ ಮಹೇಶನಿಗೆ ಒಂದು ಉಪಾಯ ಸಿಕ್ಕಿತು. ಪ್ರೆಸ್ಸಿಗೆ ಬರುವ ಪರಿಚಯದವನೊಬ್ಬ ಹೇಳಿಕೊಟ್ಟದ್ದು. ಪ್ಲಗ್ಗಿನ ಒಳಗೆ ಒಂದು ಗೇಣು ತಂತಿ ತೆಗೆದುಕೊಂಡು ಈ ತೂತಿಗೂ ಆ ತೂತಿಗೂ ಸೇರಿಸಿಬಿಟ್ಟರೆ ಡಬ್ಬಿಗೆ ಮೋಸವಾಗುತ್ತದೆ, ಅರ್ತಿಂಗ್ ಇದೆ ಎಂದುಕೊಂಡು ಹಸಿರು ದೀಪ ಕೊಡುತ್ತದೆ. ಭಾನುವಾರ ಬೆಳಿಗ್ಗೆ ಮಹೇಶ ತಂತಿ, ಸ್ಕ್ರೂಡ್ರೈವರು ಹಿಡಿದು ಮೋಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ಹೊಸ ಅರ್ತಿಂಗಿಗೆಂದು ನೆಲ ಅಗೆಯುವ ಗೋಜು ತಪ್ಪಿತು ಎಂದು ಬೆಟ್ಟಯ್ಯನವರಿಗೂ ಸಮಾಧಾನವಾಗಿತ್ತು. ರಂಜಿನಿ, ಹಾಗೆಲ್ಲ ಮಾಡಬಾರದು ಎಂದು ಓದಿದ್ದೇನೆ ಎಂದಳು. ಎಲ್ಲರೂ ಮಾಡ್ತಾರೆ ಕಣೇ, ಎಂದ ಮಹೇಶ.

ಒಳಗೆ ಬಟ್ಟೆ ಮಡಿಸುತ್ತಿದ್ದ ಇಂದ್ರಮ್ಮ ಹಿತ್ತಿಲ ಬಾಗಿಲಿಗೆ ಬಂದು ನಿಂತರು. ಮಳೆ ಹನಿಯುತ್ತಿತ್ತು. ಮಗನ ಕೈಯಲ್ಲಿದ್ದ ತಂತಿಯ ತುಂಡು ನೋಡಿದಾಗ ಅವರಿಗೆ, ಯಾರೋ ಮಾತಾಡುತ್ತಿರುವಾಗ ಬಾಯಿಗೆ ಬಟ್ಟೆ ತುರುಕುವುದನ್ನು ಕಂಡ ಹಾಗಾಯಿತು. ಎಷ್ಟೋ ವರ್ಷದಿಂದ ಆಡದೆ ಬಿಟ್ಟಿದ್ದ ಮಾತು ತಾನಾಗಿ ಹೊರಗೆ ಬಂತು.

“ಬೇಡ ಮಹೇಶ. ಅದು ಸರಿಯಾಗೇ ಹೇಳ್ತಾ ಇದೆ. ಈ ಮನೆ ಜುಮ್ ಅನ್ನುತ್ತೆ.”

ಮಹೇಶ ತಲೆಯೆತ್ತದೆ ನಕ್ಕ. “ಶುರುವಾಯ್ತಾ ಅಮ್ಮನ ಜುಮ್?”

ಬೆಟ್ಟಯ್ಯ, ಅದೊಂದು ಅವಳ ಭ್ರಮೆ, ಎಂದು ಹೇಳಲು ಬಾಯಿ ತೆರೆದಿದ್ದರು. ಅಷ್ಟರಲ್ಲಿ ರಂಜಿನಿ ಗಂಡನ ಕೈಯಿಂದ ಸ್ಕ್ರೂಡ್ರೈವರು ತೆಗೆದುಕೊಂಡು ಪಕ್ಕಕ್ಕಿಟ್ಟಳು.

“ಎಲ್ಲೆಲ್ಲಿ ಅನ್ನುತ್ತೆ ಅತ್ತೆ? ನನಗೆ ತೋರಿಸಿ,” ಎಂದಳು.

ಯಾರೂ ಹಾಗೆ ಕೇಳಿರಲಿಲ್ಲ. ಇಂದ್ರಮ್ಮ ಕೈಯಲ್ಲಿದ್ದ ಮಡಿಸಿದ ಬಟ್ಟೆಯನ್ನು ಹೊಸ್ತಿಲ ಪಕ್ಕ ಇಟ್ಟರು. ಆಮೇಲೆ ಹೊರಟರು. ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವವರಂತೆ ಸಾವಧಾನವಾಗಿ ಹೆಜ್ಜೆಯಿಟ್ಟರು, ಹಿಂದೆ ಸೊಸೆ. ಒಗೆಯುವ ಕಲ್ಲಿನ ನಲ್ಲಿ ಎಲ್ಲಕ್ಕಿಂತ ಜೋರು, ಮೋಟರು ಓಡುವಾಗಂತೂ ಇನ್ನೂ ಜೋರು ಎಂದರು. ಫ್ರಿಜ್ಜಿನ ಎಡಪಕ್ಕೆಯಲ್ಲಿ ಅನ್ನುತ್ತದೆ, ಬಲಪಕ್ಕೆಯಲ್ಲಿ ಬಣ್ಣ ಗಟ್ಟಿಯಿರುವುದರಿಂದ ಅನ್ನುವುದಿಲ್ಲ. ಗ್ರೈಂಡರಿನ ಅಂಚು, ಬಚ್ಚಲುಮನೆಯ ಕೊಳಾಯಿ, ಅತಿವೃಷ್ಟಿಯಾದ ವರ್ಷ ಹಿಂದಿನ ಕಿಟಕಿಯ ಕಬ್ಬಿಣದ ಸರಳು ಕೂಡ. ಬೇಸಿಗೆಯಲ್ಲಿ ಮೌನವಾಗಿರುತ್ತದೆ. ಚಪ್ಪಲಿ ಹಾಕಿಕೊಂಡು ಮುಟ್ಟಿದರೆ ಮಾತಾಡುವುದಿಲ್ಲ, ಮಣೆಯ ಮೇಲೆ ನಿಂತರೂ ಇಲ್ಲ. ಹೇಳುತ್ತ ಹೇಳುತ್ತ ಅವರ ದನಿಯಲ್ಲಿ ಹಳೆಯ ಸ್ನೇಹಿತೆಯ ಸ್ವಭಾವ ವರ್ಣಿಸುವವರ ಸಲಿಗೆ ಬಂತು. ರಂಜಿನಿ ಎಲ್ಲವನ್ನೂ ಕೇಳಿಸಿಕೊಂಡಳು, ಯಾವುದನ್ನೂ ಮುಟ್ಟಲಿಲ್ಲ, ಅತ್ತೆಗೂ ಮುಟ್ಟಲು ಬಿಡಲಿಲ್ಲ. ನೋಡು ನೋಡು ಎಂದು ಕೈ ಚಾಚಿದಾಗಲೆಲ್ಲ ಮೆಲ್ಲಗೆ ಮಣಿಕಟ್ಟು ಹಿಡಿದುಕೊಂಡಳು. ಕೊನೆಗೆ ಕೇಳಿದ್ದು ಒಂದೇ, ಇಷ್ಟು ವರ್ಷ ಹೇಗೆ ಸುಮ್ಮನಿದ್ದಿರಿ ಎಂದು.

“ಸುಮ್ನಿರಲಿಲ್ಲಮ್ಮ,” ಎಂದರು ಇಂದ್ರಮ್ಮ.

ಮರುದಿನ ರಂಜಿನಿ, ತನ್ನ ಹತ್ತಿರ ಕಾರು ಕಲಿತ ಒಬ್ಬಾಕೆಯಿಂದ ನಂಬರು ಪಡೆದು, ಮಡಿವಾಳಪ್ಪ ಎಂಬ ಎಲೆಕ್ಟ್ರಿಕಲ್ ಗುತ್ತಿಗೆದಾರನನ್ನು ಕರೆಸಿದಳು. ಬಾಗಲಕೋಟೆ ಕಡೆಯಿಂದ ಬಂದು ಇಲ್ಲೇ ಮನೆ ಮಾಡಿಕೊಂಡಿದ್ದವನು. ಬಂದವನು ಮೀಟರು ಸಿಕ್ಕಿಸಿ ಇಲ್ಲಿ ನೋಡಿದ, ಅಲ್ಲಿ ನೋಡಿದ. ಮೋಟರು ಹಾಕಿಸಿ ಒಗೆಯುವ ಕಲ್ಲಿನ ನಲ್ಲಿಗೆ ಟೆಸ್ಟರಿನ ತುದಿ ತಾಗಿಸಿದ. ಟೆಸ್ಟರಿನ ಹೊಟ್ಟೆಯೊಳಗೆ ಸಣ್ಣ ಕಿತ್ತಳೆ ಬೆಳಕು ಹೊತ್ತಿತು.

ಇಂದ್ರಮ್ಮ ಮುಂದೆ ಬಂದು ಬಗ್ಗಿ ನೋಡಿದರು. ಇಷ್ಟು ವರ್ಷ ತಾವು ಬರೀ ಬೆರಳಿನಿಂದ ಕೇಳಿಸಿಕೊಂಡದ್ದಕ್ಕೆ ಹೀಗೊಂದು ಬಣ್ಣವಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಅಗಸೆ ಹೂವಿಗಿಂತ ಸಣ್ಣದು, ದೀಪದ ಕುಡಿಗಿಂತ ಮಬ್ಬು. ಅವರ ಕಣ್ಣು ತುಂಬಿತು. ಮಹೇಶ ಮೋಟರಿನ ಸ್ವಿಚ್ಚು ಆರಿಸಿದ. ಬೆಳಕು ಹೋಯಿತು.

“ಅಮ್ಮಾರು ಹೇಳೂದು ಖರೇ ಐತ್ರಿ,” ಎಂದ ಮಡಿವಾಳಪ್ಪ, ಟೆಸ್ಟರು ಜೇಬಿಗೆ ಹಾಕಿಕೊಳ್ಳುತ್ತ.

ಮೋಟರಿನ ಪಕ್ಕದ ನೆಲ ಬಗೆದು ನೋಡಿದರು. ಬೆಟ್ಟಯ್ಯನವರ ಗೆಳೆಯ ಅರ್ತಿಂಗಿಗೆಂದು ಅಂದು ಹೂತಿದ್ದ ಪೈಪು ಇತ್ತು. ಇತ್ತು ಅನ್ನುವುದಕ್ಕಿಂತ ಅದರ ಕೆಂಪು ಪುಡಿ ಇತ್ತು ಎನ್ನಬೇಕು. ಬಿಸ್ಕತ್ತಿನಂತೆ ಕೈಯಲ್ಲಿ ಮುರಿಯಿತು. ಅದಕ್ಕೆ ಕಟ್ಟಿದ್ದ ತಂತಿ ಎಂದೋ ಬಿಟ್ಟುಕೊಂಡು, ಮಣ್ಣಿನಲ್ಲಿ ಎಲ್ಲಿಗೂ ಸೇರದೆ ಸುರುಳಿ ಸುತ್ತಿಕೊಂಡಿತ್ತು. ಮೊದಲೇ ಅದು ಆಳಕ್ಕೆ ಹೋಗಿರಲಿಲ್ಲ ಎಂದು ಮಡಿವಾಳಪ್ಪ ಹೇಳಿದ. ಬೆಟ್ಟಯ್ಯ ಆ ಪುಡಿಯನ್ನು ಅಂಗೈಯಲ್ಲಿ ಹಿಡಿದು ತೂಕ ನೋಡುವವರಂತೆ ಬಹಳ ಹೊತ್ತು ನಿಂತಿದ್ದರು. ಆಮೇಲೆ ಕೈ ತೊಳೆಯದೆ ಹಾಗೆಯೇ ವರಾಂಡಕ್ಕೆ ಹೋಗಿ ಕೂತರು.

ಮಡಿವಾಳಪ್ಪ ಹೇಳಿದ್ದರಲ್ಲಿ ಚಾರ್ಜರಿನ ಜಗಳವೂ ಅರ್ಧ ಮುಗಿಯಿತು. ಗೋಡೆಯ ಪೆಟ್ಟಿಗೆ ಹಾಕಿದರೂ ಸರಿ, ಈ ಇಟ್ಟಿಗೆ ಡಬ್ಬಿ ಹಾಕಿದರೂ ಸರಿ, ಮೊದಲು ಆಳವಾದ ಹೊಸ ಅರ್ತಿಂಗ್ ಗುಂಡಿ ಬೇಕು. ಮೀಟರಿನಿಂದ ಬೇರೆಯೇ ಒಂದು ಲೈನು, ಸೋರಿಕೆಯಾದರೆ ತಾನಾಗಿ ಆರಿಹೋಗುವ ಸ್ವಿಚ್ಚು, ಒಳ್ಳೆಯ ಪ್ಲಗ್ಗು ಬೇಕು. ನಲ್ಲಿಗೆ ಕರೆಂಟು ಬಿಡುತ್ತಿದ್ದ ಹಳೆಯ ಮೋಟರನ್ನು ಮೊದಲು ಬದಲಾಯಿಸಬೇಕು. ಇಷ್ಟೆಲ್ಲ ಆದ ಮೇಲೆ ರಂಜಿನಿಯ ಓಡಾಟಕ್ಕೆ ದೊಡ್ಡ ಪೆಟ್ಟಿಗೆಯ ಅಗತ್ಯ ಯಾರಿಗೂ ಕಾಣಲಿಲ್ಲ. ಮಹೇಶ ಮಾತ್ರ ಮುಂದೆ ಬೇಕಾದೀತು ಎಂದು ಸ್ವಲ್ಪ ದಪ್ಪ ತಂತಿಯನ್ನೇ ಎಳೆಸಿದ. ಆ ಒಂದು ಗೆಲುವು ಅವನಿಗಿರಲಿ ಎಂದು ರಂಜಿನಿ ಸುಮ್ಮನಾದಳು.

ಗುಂಡಿ ಎಲ್ಲಿ ತೋಡುವುದು ಎಂಬ ಪ್ರಶ್ನೆ ಬಂದಾಗ, ಕೇಳಿದವರು ಬೆಟ್ಟಯ್ಯ. ಕೇಳಿದ್ದು ಹೆಂಡತಿಯನ್ನು. ಇಂದ್ರಮ್ಮ ಓಣಿಯ ಕೊನೆಗೆ, ಕರಿಬೇವಿನ ಗಿಡದ ಆಚೆಗೆ ಕೈ ತೋರಿಸಿದರು. ಬಟ್ಟೆ ಹಿಂಡಿದ ನೀರು ಹರಿದು ಹೋಗಿ ನಿಲ್ಲುವ ಜಾಗ ಅದು, ಅಲ್ಲಿ ನೆಲ ಯಾವಾಗಲೂ ತಂಪು. ತಂಪಿದ್ದರೆ ಒಳ್ಳೆಯದೇ ಎಂದ ಮಡಿವಾಳಪ್ಪ. ಆಳುಗಳು ಎದೆಯುದ್ದಕ್ಕೂ ಮೀರಿ ಅಗೆದರು. ಮೇಲಿನ ಕಲ್ಲು, ಗಾರೆಚೂರು ಮುಗಿದು ಕೆಮ್ಮಣ್ಣು ಬಂತು. ಒಳಗಿಂದ ಹಸಿ ವಾಸನೆ ಎದ್ದಿತು. ಪೈಪಿನ ಸುತ್ತ ತೇವ ಹಿಡಿದಿಡಲು ಉಪ್ಪು ಮತ್ತು ಇದ್ದಿಲು ಬೇಕು ಎಂದು ಮಡಿವಾಳಪ್ಪ ಹೇಳಿದಾಗ ಬೆಟ್ಟಯ್ಯ ಛತ್ರಿ ಹಿಡಿದು ಮಾರ್ಕೆಟ್ಟಿಗೆ ತಾವೇ ಹೊರಟರು. ಮಹೇಶ ಬೈಕು ತೆಗೆಯುತ್ತೇನೆ ಎಂದರೂ ಕೇಳಲಿಲ್ಲ. ಆಟೋದಲ್ಲಿ ಮೂಟೆಗಳನ್ನು ಹಾಕಿಕೊಂಡು ಬಂದು, ಗೋಣಿ ಹಾಸಿ ಕೂತು, ಇದ್ದಿಲನ್ನು ಒಂದೊಂದಾಗಿ ಸಮನಾಗಿ ಒಡೆಯತೊಡಗಿದರು. ಕೈ, ಮೊಣಕೈ, ಮೂಗಿನ ತುದಿ ಎಲ್ಲ ಕಪ್ಪಾಯಿತು. ಇಂದ್ರಮ್ಮ ಕಾಫಿ ತಂದುಕೊಟ್ಟಾಗ ಲೋಟ ತೆಗೆದುಕೊಂಡರು, ತಲೆ ಎತ್ತಲಿಲ್ಲ.

ಒಂದು ಪದರ ಉಪ್ಪು, ಒಂದು ಪದರ ಇದ್ದಿಲು, ನಡುವೆ ಪೈಪು. ಬಿಳಿ, ಕಪ್ಪು, ಬಿಳಿ, ಕಪ್ಪು ಎಂದು ಅದು ತುಂಬಿ ಬರುವುದನ್ನು ಇಂದ್ರಮ್ಮ ಯಾವುದೋ ವ್ರತದ ಸಿದ್ಧತೆಯಂತೆ ನೋಡುತ್ತ ನಿಂತಿದ್ದರು. ಕೊನೆಗೆ ಪೈಪಿನ ಬಾಯಿಗೆ ನೀರು ಹೊಯ್ಯಬೇಕಿತ್ತು. ಬೆಟ್ಟಯ್ಯ ಬಿಂದಿಗೆಯನ್ನು ಹೆಂಡತಿಯ ಕೈಗೆ ಕೊಟ್ಟರು.

ಆ ಸಂಜೆ ರಂಜಿನಿ ಚಾರ್ಜರ್ ಸಿಕ್ಕಿಸಿದಳು. ಡಬ್ಬಿಯ ಮೇಲಿನ ದೀಪ ಒಂದು ಸಲ ಯೋಚಿಸಿ ಹಸಿರಾಯಿತು. ಕಾರು ಗೊತ್ತಾಗದಷ್ಟು ಮೆಲ್ಲಗೆ ಗುಂಯ್‌ಗುಟ್ಟಿತು. ಮಹೇಶ ಫೋಟೋ ತೆಗೆದ. ಬೀದಿಯವರು ಇಬ್ಬರು ಮೂವರು ಗೇಟಿನ ಹತ್ತಿರ ಬಂದು ನೋಡಿ ಹೋದರು. ಕಾರಿನ ಚಾರ್ಜಿಗೆಂದು ಹೊರಟು ಮನೆಯೇ ರಿಪೇರಿಯಾದ ಕಥೆಯನ್ನು ಮಹೇಶ ಅವರಿಗೆ ಹೇಳಿದ. ಅದರಲ್ಲಿ ತಾಯಿಯ ಪಾತ್ರವನ್ನು ಎಲ್ಲೂ ಕಡಿಮೆ ಮಾಡಲಿಲ್ಲ, ಹಿಂದೆ ತಾನು ಕೈ ನಡುಗಿಸಿ ನಗಿಸುತ್ತಿದ್ದುದನ್ನೂ ಬಿಡಲಿಲ್ಲ.

ಎರಡು ಮೂರು ದಿನ ಬಿಟ್ಟು ಒಳ್ಳೆಯ ಮಳೆ ಬಂತು. ಮಧ್ಯಾಹ್ನ ಇಂದ್ರಮ್ಮ ಬರಿಗಾಲಿನಲ್ಲಿ ಹಿತ್ತಿಲಿಗೆ ಹೋಗಿ ನಲ್ಲಿ ಮುಟ್ಟಿದರು. ಬರೀ ತಣ್ಣನೆಯ ಹಿತ್ತಾಳೆ. ಒಳಗೆ ಬಂದು ಫ್ರಿಜ್ಜಿನ ಎಡಪಕ್ಕೆಗೆ ಬೆರಳು ತಾಗಿಸಿದರು. ಬರೀ ತಗಡು. ಗ್ರೈಂಡರು, ಕೊಳಾಯಿ, ಕಿಟಕಿ. ಮನೆಯ ತುಂಬ ಅಡ್ಡಾಡಿದರು. ಯಾರೋ ಹೇಳದೆ ಕೇಳದೆ ಊರು ಬಿಟ್ಟು ಹೋದ ಮನೆಯ ಬಾಗಿಲು ತಟ್ಟುತ್ತಿದ್ದೇನೆ ಅನ್ನಿಸಿತು. ಇಷ್ಟು ವರ್ಷ ಎಲ್ಲರೂ ಇಲ್ಲ ಎಂದಾಗ ಅದು ಇತ್ತು. ಇದೆ ಎಂದು ಎಲ್ಲರೂ ಒಪ್ಪಿದ ವಾರದಲ್ಲೇ ಹೊರಟುಹೋಗಿತ್ತು. ಕುರ್ಚಿಯಲ್ಲಿ ಕೂತು, ಹೊರಗಿನ ಮಳೆಯನ್ನು ನೋಡುತ್ತ, ಸುಮ್ಮನೆ ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತಿದ್ದರು.

ಬೆಟ್ಟಯ್ಯ ಬಂದು ಪಕ್ಕದಲ್ಲಿ ಕೂತರು. “ಹೋಯ್ತಾ?” ಎಂದು ಕೇಳಿದರು.

“ಹೋಯ್ತು ಕಣ್ರೀ.”

“ಇನ್ನು ಭಯ ಇಲ್ಲ ಬಿಡು.”

“ಭಯ ಅಲ್ಲ. ಒಂಥರಾ ಬೇಜಾರು.”

ಬೆಟ್ಟಯ್ಯನವರಿಗೆ ಆ ಮಾತು ತಿಳಿಯಲಿಲ್ಲ. ಹಿಂದೆಯಾಗಿದ್ದರೆ ಅದಕ್ಕೆ ಅವರ ಬಾಯಲ್ಲಿ ಒಂದು ಸಿದ್ಧ ಉತ್ತರವಿರುತ್ತಿತ್ತು. ಈಗ ಅವರು ತೋರುಬೆರಳಿನ ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿದ್ದ ಇದ್ದಿಲಿನ ಕಪ್ಪನ್ನು ನೋಡಿಕೊಂಡರು. ಹೇಗಿರುತ್ತಿತ್ತು ಅದು, ನಿಜವಾಗಿ, ಎಂದು ಕೇಳಿದರು. ಇಂದ್ರಮ್ಮ ಇರುವೆಯ ಸಾಲಿನ ಬಗ್ಗೆ ಹೇಳತೊಡಗಿದರು. ಅವರು ಕೇಳುತ್ತ ಕೂತರು, ನಡುವೆ ಬಾಯಿ ಹಾಕಲಿಲ್ಲ. ಮಳೆ ಮುಗಿದರೂ ಆ ಮಾತು ಮುಗಿಯಲಿಲ್ಲ.

ಅದರ ಮುಂದಿನ ಭಾನುವಾರ ರಂಜಿನಿ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಕೆಂಗೇರಿಯ ಕಡೆ ಹೊರಟಳು. ಅಲ್ಲಿ ಬೆಟ್ಟಯ್ಯನವರ ತಂಗಿ ವರಲಕ್ಷ್ಮಿಯ ಮನೆಯಲ್ಲಿ ಊಟ. ಬೆಟ್ಟಯ್ಯ ಮುಂದಿನ ಸೀಟಿನಲ್ಲಿ ಕೂತು, ಪ್ರತಿ ಸಿಗ್ನಲ್ಲಿನಲ್ಲೂ ಗಾಡಿ ಆಫ್ ಆಯಿತೇ ಎಂದು ಕೇಳುತ್ತಿದ್ದರು. ಹಿಂದಿನ ಸೀಟಿನಲ್ಲಿ ಇಂದ್ರಮ್ಮ ಗಾಜಿಗೆ ತಲೆ ಆನಿಸಿ ಕೂತಿದ್ದರು. ಮೆಟ್ರೋ ಕಂಬಗಳು ಒಂದೊಂದಾಗಿ ಬಂದು ಹಿಂದೆ ಸರಿದವು. ಹೂವಿನ ಗಾಡಿ, ಎಳನೀರಿನ ರಾಶಿ, ಬಾಗಿಲು ತೊಳೆಯುತ್ತಿದ್ದ ಅಂಗಡಿ, ಎಲ್ಲವೂ ದನಿ ತೆಗೆದ ಸಿನಿಮಾದ ಹಾಗೆ ತೇಲಿಹೋದವು. ಕಾರು ಓಡುತ್ತಿದೆಯೋ, ನಿಂತ ಕಾರಿನ ಪಕ್ಕದಲ್ಲಿ ಊರೇ ಓಡುತ್ತಿದೆಯೋ ಎಂದು ನೋಡುತ್ತಿರುವಾಗ ಕಣ್ಣು ಎಳೆದುಕೊಂಡು ಹೋಯಿತು.

ಎಚ್ಚರವಾದಾಗ ಕಾರು ನಿಂತಿತ್ತು. ವರಲಕ್ಷ್ಮಿ ಬಾಗಿಲು ತೆಗೆದು, ಬನ್ನಿ ಅತ್ತಿಗೆ, ಎನ್ನುತ್ತಿದ್ದಳು. ದಾರಿಯಲ್ಲಿ ನಾಗರಬಾವಿಯ ಹತ್ತಿರ ಇಬ್ಬರು ಹೆಂಗಸರು ನಡುರಸ್ತೆಯಲ್ಲಿ ರಂಗೋಲಿ ಹಾಕುತ್ತಿದ್ದರು, ರಂಜಿನಿ ಅವರಿಗಾಗಿ ಕಾರು ನಿಲ್ಲಿಸಿ ಕಾದಳು, ಎಂದು ಇಂದ್ರಮ್ಮ ಇಳಿಯುತ್ತಲೇ ಹೇಳಿದರು. ವರಲಕ್ಷ್ಮಿ ಅಣ್ಣನ ಮುಖ ನೋಡಿದಳು. ಬೆಟ್ಟಯ್ಯ ಸ್ವಲ್ಪ ಯೋಚಿಸಿ, ನಾನು ಆ ಕಡೆ ನೋಡುತ್ತಿರಲಿಲ್ಲ, ಇದ್ದರೂ ಇರಬಹುದು, ಎಂದು ಚಪ್ಪಲಿ ಬಿಟ್ಟು ಒಳಗೆ ಹೋದರು.